ಬೇಸಿಗೇಲಿ ಸರಿ ಇದ್ದ ಕೋವಿ ಮಳೆಗಾಲದಲ್ಲಿ ಕೈ ಕೊಡ್ತಿದೆ, ತಪ್ಪು ಕೋವೀದಾ ತೋಟಾದ್ದಾ?

ಕಾಫಿತೋಟದ ಹುಡುಗ:

ಎಲ್ರಿಗೂ ನಮಸ್ಕಾರ, ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ. ನಮ್ಮನೆ ಮಡಿಕೇರಿಯಿಂದ ಭಾಗಮಂಡಲ ಕಡೆ ಹೋಗೋ ದಾರೀಲಿ. ಮನೇಲಿ ತಾತನ ಕಾಲದ ಜೋಡು ನಳಿಗೆ ಕೋವಿ ಇದೆ, 12 ಬೋರ್. ಕೊಡವರಿಗೆ ಕೋವಿ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಪತ್ರ ಅಪ್ಪನ ಹೆಸರಲ್ಲಿದೆ, 2029ರ ತನಕ ವಿನಾಯಿತಿ ಮುಂದುವರಿಸಿದಾರಲ್ಲ ಅದೇ, ಹಂಗಾಗಿ ಲೈಸೆನ್ಸ್ ಬಗ್ಗೆ ಇಲ್ಲಿ ಜಗಳ ಶುರು ಮಾಡ್ಬೇಡಿ ಪ್ಲೀಸ್, ಶಿಕಾರಿ ವಿಷ್ಯಾನೂ ಅಲ್ಲ.

ಏಪ್ರಿಲ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ತಗೊಂಡು ಹೋಗಿದ್ವಿ, ಒಂದು ತೋಟಾನೂ ಮಿಸ್ ಆಗ್ಲಿಲ್ಲ. ಈ ಸಲ ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್‌ಗೆ, ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಕೋವಿ ಒರೆಸಿ ತೋಕ್‌ಪೂ ಅನ್ನೋ ಹೂ ನಳಿಗೆಗೆ ಸಿಕ್ಕಿಸಿ ಪೂಜೆ ಎಲ್ಲ ಆಯ್ತು, ಆಮೇಲೆ ಮನೆ ಕೆಳಗಿನ ಗದ್ದೆ ಹತ್ರ ಈಡು ಹೊಡೆಯಕ್ಕೆ ಹೋದ್ರೆ ಎಡದ ನಳಿಗೆ ಬರೀ ಟಕ್, ಬಲದ್ದೂ ಟಕ್. ನೆಂಟ್ರೆಲ್ಲ ನಿಂತಿದ್ರು, ನಗು ಬೇರೆ. ಬಲದ ನಳಿಗೆಗೆ ಬೇರೆ ತೋಟಾ ಹಾಕಿದ್ರೆ ಹೊಡೀತು, ಆದ್ರೆ ಸದ್ದು ಢಂ ಅಂತ ಬರ್ಲಿಲ್ಲ, ಪುಸ್ ಅಂತ ಒಂಥರಾ, ಭುಜಕ್ಕೆ ಒದೆಯೂ ಇಲ್ಲ. ಇನ್ನೊಂದು ಹಾಕ್ತೀನಿ ಅಂದೆ, ಅಪ್ಪ ಬೇಡ ಸಾಕು ಅಂತ ಕೋವಿ ಕಿತ್ಕೊಂಡ್ರು.

ತೋಟಾಗಳು ಸ್ವಲ್ಪ ತಾತ ತಗೊಂಡಿದ್ದ ಕಾಗದದ್ದು, ಸ್ವಲ್ಪ ಆಮೇಲೆ ತಗೊಂಡ ಪ್ಲಾಸ್ಟಿಕ್‌ದು, ಎಲ್ಲಾ ಒಂದೇ ಟ್ರಂಕ್‌ನಲ್ಲಿ ಅಟ್ಟದ ಮೇಲೆ ಇರುತ್ತೆ. ಕೋವಿ ರೆಕ್ಸಿನ್ ಕವರ್ ಒಳಗೆ ಬೀರು ಹಿಂದೆ. ಎಣ್ಣೆ ಅಂತ ಮೊದಲಿಂದ ಕೊಬ್ಬರಿ ಎಣ್ಣೇನೇ ಹಚ್ಚೋದು. ಒಂದೇ ಕೋವಿ, ಒಂದೇ ಟ್ರಂಕ್‌ನ ತೋಟಾ, ಹವಾ ಮಾತ್ರ ಬೇರೆ. ಮಳೆಗೆ ಇಷ್ಟೆಲ್ಲ ಆಗುತ್ತಾ?

ರಿಟೈರ್ಡ್ ಸುಬೇದಾರ್:

ತಮ್ಮಾ, ಮಿಕ್ಕಿದ್ದೆಲ್ಲ ಆಮೇಲೆ. ಆ ಪುಸ್ ಅಂದ ಈಡಾದ ಮೇಲೆ ನಳಿಗೆ ಒಳಗೆ ನೋಡಿದ್ದೀಯಾ? ನೋಡಿಲ್ಲ ಅಂದ್ರೆ ಈಗಲೇ ಎದ್ದು ಹೋಗಿ, ಕೋವಿ ಮುರಿದು (ಅಂದ್ರೆ ನಳಿಗೆ ಬಗ್ಗಿಸಿ ಹಿಂಭಾಗ ತೆರೆದು), ಎರಡೂ ಕಡೆ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡು, ಹಿಂದುಗಡೆಯಿಂದ ಬೆಳಕಿಗೆ ಹಿಡಿದು ನೋಡು. ಮದ್ದು ಪೂರ್ತಿ ಉರಿಯದೇ ಇದ್ದಾಗ ಒಳಗಿನ ವ್ಯಾಡ್, ಮದ್ದಿಗೂ ಚರೆಗೂ ನಡುವೆ ಇರೋ ಬಿಲ್ಲೆ, ಅರ್ಧ ದಾರೀಲೇ ಸಿಕ್ಕಾಕ್ಕೊಳ್ಳುತ್ತೆ. ಅದರ ಹಿಂದೆ ಇನ್ನೊಂದು ಒಳ್ಳೆ ತೋಟಾ ಹೊಡೆದಿದ್ರೆ ನಳಿಗೆ ಅಲ್ಲೇ ಒಡೆದು ನಿನ್ನ ಎಡಗೈ ಹೋಗ್ತಿತ್ತು. ನಿಮ್ಮಪ್ಪ ಯಾಕೆ ಬೇಡ ಅಂದ್ರೋ ಗೊತ್ತಿಲ್ಲ, ಅವರ ಕಾಲಿಗೆ ಬೀಳು.

ಇನ್ನೊಂದು, ಟಕ್ ಅಂದ ತಕ್ಷಣ ಕೋವಿ ಮುರೀಬಾರ್ದು. ತೇವ ಹೊಡೆದ ತೋಟಾ ಕೆಲವು ಸಲ ತಡವಾಗಿ ಹೊಡೆಯುತ್ತೆ. ನಳಿಗೆ ಬಾಯಿ ಯಾರೂ ಇಲ್ಲದ ಕಡೆ ಹಿಡಿದು ಕಡಿಮೆ ಅಂದ್ರೂ 30 ಸೆಕೆಂಡ್ ಹಂಗೇ ನಿಲ್ಲಬೇಕು. ಯಾರು ನಗಲಿ ಬಿಡಲಿ.

ಈಗ ನಿನ್ನ ಪ್ರಶ್ನೆ. ಆ ಎರಡು ಟಕ್ ಅಂದ ತೋಟಾ ಬಿಸಾಕಿಲ್ಲ ತಾನೇ? ಅದರ ಹಿಂಭಾಗದ ಕೇಪ್ ನೋಡು, ಪಿನ್ ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸೋ ಸಣ್ಣ ಬಟ್ಟಲು. ಗುಳಿ ಆಳವಾಗಿ ದುಂಡಗೆ ಬಿದ್ದಿದ್ರೆ ಕೋವಿ ತನ್ನ ಕೆಲ್ಸ ಮಾಡಿದೆ, ತೋಟಾ ಸತ್ತಿದೆ. ಗುಳಿ ಬರೀ ಮುಟ್ಟಿದ ಹಾಗೆ ಬಿದ್ದಿದ್ರೆ ಕೋವಿ ಒಳಗಿನ ಪಿನ್ ಸರಿಯಾಗಿ ಬಡೀತಿಲ್ಲ. ಇದು ನೋಡದೆ ಯಾರು ಏನೇ ಹೇಳಿದ್ರೂ ಅದು ಅಂದಾಜು. ನೋಡಿ ಬಂದು ಹೇಳು.

ಅಡಿಕೆ ಗೌಡ್ರು:

ಸುಬೇದಾರ್ರು ಹೇಳಿದ್ದು ಮೊದಲು ಮಾಡು ಮಾರಾಯ. ನಾನು ತೀರ್ಥಹಳ್ಳಿ ಕಡೆಯೋನು, ನಮ್ದು ಬೆಳೆ ರಕ್ಷಣೆ ಲೈಸೆನ್ಸು, ಮಂಗ ಓಡಿಸಕ್ಕೆ ಸದ್ದು ಮಾಡೋದಷ್ಟೆ ಕೆಲ್ಸ. ಮಲೆನಾಡಲ್ಲಿ ಕೋವಿ ಇಟ್ಕೊಳ್ಳೋದು ಅಂದ್ರೆ ಜೂನ್‌ನಿಂದ ಅಕ್ಟೋಬರ್ ತನಕ ತುಕ್ಕಿನ ಜೊತೆ ಜಗಳ ಆಡೋದು ಅಂತ ಅರ್ಥ. ನಿಮ್ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತೆ, ಭಾಗಮಂಡಲದ ಕಡೆ ಕೇಳೋದೇ ಬೇಡ. ಗಾಳೀಲಿ ತೇವ 60 ಪರ್ಸೆಂಟ್ ಮೇಲೆ ಹೋದ್ರೆ ಕಬ್ಬಿಣ ತುಕ್ಕು ಹಿಡಿಯೋ ವೇಗಾನೇ ಬೇರೆ, ನಮ್ ಮನೆ ಒಳಗೆ ಜುಲೈಲಿ 90ಕ್ಕೆ ಕಮ್ಮಿ ಯಾವಾಗ ಇರುತ್ತೆ ಹೇಳಿ, ಉಪ್ಪಿನ ಜಾಡಿ ನೋಡಿದ್ರೇ ಗೊತ್ತಾಗುತ್ತಲ್ಲ.

ಕಾಗದದ ತೋಟಾ ಮೊದಲು ಎಸೀರಿ, ಎಸೀರಿ ಅಂದ್ರೆ ಕೆರೆಗಲ್ಲ ಬೆಂಕಿಗಲ್ಲ, ಡೀಲರ್ ಹತ್ರಾನೋ ಠಾಣೇಲೋ ಕೇಳಿ ಒಪ್ಪಿಸಿ. ಕಾಗದದ್ದು ತೇವ ಕುಡಿದು ಊದ್ಕೊಳ್ಳುತ್ತೆ, ನಳಿಗೆಗೆ ಅರ್ಧ ಹೋಗಿ ನಿಲ್ಲುತ್ತೆ, ಒತ್ತಿ ತುರುಕಿದ್ರೆ ಹೊಡೆದಾದ ಮೇಲೆ ಈಚೆ ಬರಲ್ಲ. ನಮ್ಮಜ್ಜ ಮಳೆಗಾಲಕ್ಕೆ ಮುಂಚೆ ತೋಟಾಗಳನ್ನ ಒಂದೊಂದಾಗಿ ನಳಿಗೆಗೆ ಹಾಕಿ ತೆಗೆದು ನೋಡೋರು, ಜಾರದೇ ಇದ್ದದ್ದನ್ನ ಪಕ್ಕಕ್ಕಿಡೋರು. ಪ್ಲಾಸ್ಟಿಕ್‌ದಾದ್ರೂ ಬಾಯಿ ಮಡಿಚಿರೋ ಜಾಗದಿಂದ, ಕೇಪ್ ಸುತ್ತಲಿಂದ ತೇವ ಒಳಗೆ ಹೋಗುತ್ತೆ, ಹಿತ್ತಾಳೆ ಭಾಗದ ಮೇಲೆ ಹಸಿರು ಹಿಡಿದಿದ್ರೆ ಅದನ್ನ ನಂಬಬೇಡಿ.

ಅಟ್ಟ ಅಂತೂ ಆಗಲೇ ಆಗದು. ಏಪ್ರಿಲಲ್ಲಿ ಹೆಂಚಿನ ಕೆಳಗೆ ಬೇಯುತ್ತೆ, ಜುಲೈಲಿ ತೊಟ್ಟಿಕ್ಕುತ್ತೆ. ಮದ್ದಿಗೆ ಬಿಸಿ ಒಂದು ಶತ್ರು ತೇವ ಇನ್ನೊಂದು, ನೀವು ಎರಡರ ಬಾಯಿಗೂ ಇಟ್ಟಿದೀರ. ಕವರೂ ಬಿಚ್ಚಿ ಹಾಕಿ, ರೆಕ್ಸಿನ್ ಒಳಗೆ ಹೋದ ತೇವ ವಾಪಸ್ ಬರೋ ದಾರಿ ಇಲ್ಲ, ಹಂಗೇ ಕೂತು ತಿನ್ನುತ್ತೆ. ನಾನು ಬಟ್ಟೆ ಬೀರು ಥರದ್ದೊಂದು ಮರದ ಪೆಟ್ಟಿಗೇಲಿ ಬೀಗ ಹಾಕಿ ನಿಲ್ಲಿಸ್ತೀನಿ, ಒಳಗೆ ಕೆಳಗಡೆ ಒಂದು ಸಣ್ಣ ಬಲ್ಬ್ ದಿನಾ ಉರೀತಾ ಇರುತ್ತೆ, ಎಲ್‌ಇಡಿ ಅಲ್ಲ ಹಳೇ ಕಾಲದ್ದು, ಬಿಸಿ ಆಗೋದು. ಕರೆಂಟ್ ಇಲ್ಲದ ದಿನಕ್ಕೆ ಸಿಲಿಕಾ ಜೆಲ್. ಅದನ್ನ ಒಂದ್ಸಲ ಇಟ್ಟು ಮರೆತ್ರೆ ಉಪಯೋಗ ಇಲ್ಲ, ನೀಲಿದು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು.

ನಮಗೆ ದೊಡ್ಡ ತಲೆನೋವು ಚುನಾವಣೆ. 2024ರಲ್ಲಿ ಬೇಸಿಗೇಲಿ ಠಾಣೇಲಿ ಠೇವಣಿ ಇಟ್ವಿ, ಜೂನ್ 4ಕ್ಕೆ ರಿಸಲ್ಟು, ವಾಪಸ್ ಸಿಗೋ ಹೊತ್ತಿಗೆ ಮಳೆ ಹಿಡಿದಿತ್ತು. ಎಷ್ಟೋ ಜನರ ಕೋವಿ ಗೋಡೆಗೆ ಒರಗಿಸಿದ್ದು ಒರಗಿಸಿದ ಹಾಗೇ, ನಳಿಗೆ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು, ಯಾರು ಎಲ್ಲಿ ಹಿಡಿದಿದ್ರು ಅಂತ ಗೊತ್ತಾಗೋ ಹಂಗೆ. ಕೈ ಬೆವರಲ್ಲಿ ಉಪ್ಪಿದೆಯಲ್ಲ. ಅದಕ್ಕೇ ಕೊಡೋಕೆ ಮುಂಚೆ ಒಳಗೂ ಹೊರಗೂ ಗ್ರೀಸ್ ಮೆತ್ತಿ ಕೊಡೋದು, ತಂದ ಮೇಲೆ ನಳಿಗೆ ಒಳಗಿನ ಗ್ರೀಸ್ ಪೂರ್ತಿ ತೆಗೀದೇ ಹೊಡೀಬಾರ್ದು ಅದೂ ಹೇಳ್ಬಿಡ್ತೀನಿ. ಒಂದ್ಸಲ ಪಕ್ಕದೂರಿನೋರ ಕೋವಿ ನಳಿಗೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ.

ಇತಿಹಾಸದ ಹುಚ್ಚ:

ಕೋವಿ ಹಿಡಿದೋನಲ್ಲ ನಾನು, ಓದಿರೋದು ಮಾತ್ರ, ತಪ್ಪಿದ್ರೆ ತಿದ್ದಿ. ನಿಮ್ ಮನೆ ಕಥೇನೇ ದೊಡ್ಡ ಮಟ್ಟದಲ್ಲಿ ವಿಯೆಟ್ನಾಂನಲ್ಲಿ ಆಗಿದೆ. ಅಮೆರಿಕದೋರ ಎಂ16 ಬಂದೂಕು ಟೆಸ್ಟಲ್ಲಿ ಚೆನ್ನಾಗಿತ್ತು, ಅಲ್ಲಿಗೆ ಹೋದ ಮೇಲೆ 1966-67ರಲ್ಲಿ ಜಾಮ್ ಆಗಿ ಹುಡುಗ್ರು ಸತ್ರು, ಹೊಡೆದ ತೋಟಾದ ಕವಚ ಒಳಗೇ ಕಚ್ಕೊಂಡು ಬಿಡ್ತಿತ್ತು. ಮೊದಲು ಎಲ್ಲರೂ ಕಾಡು, ಕೆಸರು, ತೇವ ಅಂದ್ರು. ಅಮೆರಿಕದ ಸಂಸತ್ತಿನ ಇಕಾರ್ಡ್ ಸಮಿತಿ 1967ರಲ್ಲಿ ಕೂತು ನೋಡಿದಾಗ ಬೇರೆ ವಿಷ್ಯಾನೂ ಹೊರಗೆ ಬಂತು: ಬಂದೂಕು ಯಾವ ಮದ್ದಿಗೆ ಹೊಂದಿಸಿದ್ರೋ ಅದನ್ನ ಬಿಟ್ಟು ಬಾಲ್ ಪೌಡರ್ ಅನ್ನೋ ಬೇರೆ ಮದ್ದು ತುಂಬಿದ್ರು, ತೋಟಾ ಕೂರೋ ಚೇಂಬರ್‌ಗೆ ಕ್ರೋಮ್ ಲೇಪನ ಇರ್ಲಿಲ್ಲ ಹಂಗಾಗಿ ತುಕ್ಕು ಹಿಡಿದು ಒರಟಾಗ್ತಿತ್ತು, ಮೇಲಿಂದ ಇದಕ್ಕೆ ಕ್ಲೀನಿಂಗೇ ಬೇಡ ಅನ್ನೋ ಮಾತು ಬೇರೆ ಹಬ್ಬಿ ಎಷ್ಟೋ ಜನಕ್ಕೆ ಕ್ಲೀನಿಂಗ್ ಸಾಮಾನೂ ಕೊಟ್ಟಿರ್ಲಿಲ್ಲ. ಆಮೇಲೆ ಕ್ರೋಮ್ ಹಾಕಿದ್ರು, ಕಿಟ್ ಕೊಟ್ರು, ಜಾಮ್ ಆಗೋದು ತುಂಬಾ ಕಮ್ಮಿ ಆಯ್ತು. ಅಂದ್ರೆ ಹವಾ ಹೊಸದಾಗಿ ರೋಗ ತಂದಿದ್ದು ಕಮ್ಮಿ, ಒಳಗಿದ್ದದ್ದನ್ನ ಹೊರಗೆ ಎಳೀತು.

ನಮ್ಮದೂ ಇದೆಯಲ್ಲ, 1999ರ ಕಾರ್ಗಿಲ್ ಯುದ್ಧದಲ್ಲಿ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜೀನ್ ಚಳಿಗೆ ಬಿರುಕು ಬಿಡ್ತಿತ್ತು ಅಂತ ಪೇಪರಲ್ಲೆಲ್ಲ ಬಂದಿತ್ತು. ಸುಬೇದಾರ್ ಸರ್‌ಗೆ ಹೆಚ್ಚು ಗೊತ್ತಿರುತ್ತೆ.

ಆಮೇಲೆ ತಾತನ ಕಾಲದ ತೋಟಾ ಅಂದ್ರಲ್ಲ, ಹಳೇ ಕೇಪ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು, ಅದು ಉರಿದ ಮೇಲೆ ನಳಿಗೆ ಒಳಗೆ ಒಂಥರಾ ಉಪ್ಪು ಕೂರುತ್ತೆ. ಎಣ್ಣೆಗೆ ಅದು ಕರಗಲ್ಲ, ನೀರಿಗೆ ಮಾತ್ರ ಕರಗುತ್ತೆ. ಅದಕ್ಕೇ ಬ್ರಿಟಿಷ್ ಸೈನ್ಯದಲ್ಲಿ 303 ರೈಫಲ್ ನಳಿಗೆಗೆ ಕೊಳವೆ ಇಟ್ಟು ಕುದಿಯೋ ನೀರು ಸುರಿದು ಒರೆಸಿ ಆಮೇಲೆ ಎಣ್ಣೆ ಹಾಕೋರು. ಏಪ್ರಿಲಲ್ಲಿ ಹೊಡೆದು ಬರೀ ಎಣ್ಣೆ ಒರೆಸಿ ಇಟ್ಟಿದ್ರೆ ಆ ಉಪ್ಪು ಮಳೆಗಾಲದ ತೇವ ಎಳ್ಕೊಂಡು ಒಳಗೆ ತುಕ್ಕು ಹಿಡಿಸಿರಬಹುದು, ನೋಡಿ.

ಬೆಂಗ್ಳೂರ್ ಶೂಟರ್:

ಇಷ್ಟೆಲ್ಲ ಯಾಕೆ ಗುರು, ಡಬ್ಲ್ಯೂಡಿ-40 ಸ್ಪ್ರೇ ಎಣ್ಣೆ ಒಂದು ಡಬ್ಬ ತಗೊಂಡು ಕೋವಿಗೂ ತೋಟಾಗೂ ಚೆನ್ನಾಗಿ ಹೊಡಿ, ನೀರು ಹತ್ರ ಬರಲ್ಲ.

ರಿಟೈರ್ಡ್ ಸುಬೇದಾರ್:

ತೋಟಾಗೆ ಎಣ್ಣೆ ಹೊಡೀಬೇಡ್ರಪ್ಪಾ ದಯವಿಟ್ಟು. ಇಂಥ ತೆಳು ಎಣ್ಣೆ ಸಂದೀಲಿ ನುಗ್ಗೋಕೇ ಮಾಡಿರೋದು, ಕೇಪ್ ಸುತ್ತಲಿಂದ ನಿಧಾನಕ್ಕೆ ಒಳಗೆ ಹೋದ್ರೆ ಮಸಾಲೆ ಸತ್ತೋಗುತ್ತೆ. ತೋಟಾ ಒಣಗಿದ ಬಟ್ಟೇಲಿ ಒರೆಸಿ ಇಡೋದು ಅಷ್ಟೇ. ಕೋವಿ ಮಳೇಲಿ ನೆಂದು ಬಂದಾಗ ನೀರು ಓಡಿಸಕ್ಕೆ ಆ ಡಬ್ಬ ಸರಿ, ಆದ್ರೆ ಅದಾದ ಮೇಲೆ ಒರೆಸಿ ಸರಿಯಾದ ಕೋವಿ ಎಣ್ಣೆ ಹಚ್ಚಬೇಕು, ಅದು ಸಿಗಲಿಲ್ಲ ಅಂದ್ರೆ ಹೊಲಿಗೆ ಮಷಿನ್ ಎಣ್ಣೇನಾದ್ರೂ ಆಗುತ್ತೆ.

ಹುಚ್ಚ ಅವರು ಇನ್ಸಾಸ್ ಕೇಳಿದ್ರು, ಪೇಪರಲ್ಲಿ ಬಂದಿದ್ದರ ಮೇಲೆ ನಾನು ಹೇಳೋದು ಏನೂ ಇಲ್ಲ. ಅದಕ್ಕೆ ಮುಂಚೆ ಸೈನ್ಯದಲ್ಲಿದ್ದ ಎಸ್‌ಎಲ್‌ಆರ್ ರೈಫಲ್ ಬಗ್ಗೆ ಹೇಳ್ತೀನಿ, ಅದರ ಮುಂದುಗಡೆ ಗ್ಯಾಸ್ ರೆಗ್ಯುಲೇಟರ್ ಅಂತ ಇರೋದು, ತಿರುಗಿಸಿ ಎಷ್ಟು ಗ್ಯಾಸ್ ಹಿಂದಕ್ಕೆ ಬರಬೇಕು ಅಂತ ಕಮ್ಮಿ ಜಾಸ್ತಿ ಮಾಡಬಹುದು. ಕೊಳೆ ಕೂತ್ರೆ, ಮರಳು ಹೋದ್ರೆ, ಚಳಿಗೆ ಎಣ್ಣೆ ಗಟ್ಟಿ ಆದ್ರೆ, ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗಲ್ಲ, ರೋಕ್ ಬೀಳುತ್ತೆ ಅಂದ್ರೆ ಜಾಮ್ ಆಗುತ್ತೆ, ಆಗ ಗ್ಯಾಸ್ ಜಾಸ್ತಿ ಕೊಡೋದು. ಅಂದ್ರೆ ಹವಾ ಬದಲಾಗುತ್ತೆ ಅಂತ ಗೊತ್ತಿದ್ದೇ ಮಾಡಿದ ಬಂದೂಕು ಅದು. ನಿಮ್ಮ ಜೋಡು ನಳಿಗೆಗೆ ಗ್ಯಾಸೂ ಇಲ್ಲ ಬೋಲ್ಟೂ ಇಲ್ಲ, ಕೈಯಲ್ಲೇ ಮುರಿದು ಹಾಕೋದು ತೆಗೆಯೋದು, ಅದಕ್ಕೆ ಕೈ ಕೊಡೋಕೆ ಜಾಗಾನೇ ಕಮ್ಮಿ. ಪಿನ್ನು, ಸ್ಪ್ರಿಂಗು, ತೋಟಾ, ನಳಿಗೆ, ಇಷ್ಟೇ ನೋಡೋದು.

ಜನ ಚಳಿ ಚಳಿ ಅಂತಾರೆ, ಮೇಲೆ ಗ್ಲೇಸಿಯರ್‌ನಲ್ಲಿ ಮೈನಸ್ 40, 50 ಹೋಗುತ್ತೆ, ಬರೀ ಕೈಯಲ್ಲಿ ಕಬ್ಬಿಣ ಮುಟ್ಟಿದ್ರೆ ಚರ್ಮ ಹೋಯ್ತು. ಅಲ್ಲಿ ಎಣ್ಣೆ ಹೆಚ್ಚಾದ್ರೇ ಕಷ್ಟ, ಒರೆಸಿ ಒರೆಸಿ ಇದೆಯೋ ಇಲ್ವೋ ಅನ್ನೋ ಹಾಗೆ ಬಿಡಬೇಕು. ಆದ್ರೆ ಬರೀ ಚಳೀಲಿ ಇದ್ದ ಹತಾರ ಅಷ್ಟು ತೊಂದ್ರೆ ಕೊಡಲ್ಲ. ತೊಂದ್ರೆ ಶುರುವಾಗೋದು ಹೊರಗಿಂದ ತಂದು ಸೀಮೆಎಣ್ಣೆ ಸ್ಟವ್ ಉರೀತಿರೋ ಬಂಕರ್ ಒಳಗೆ ಇಟ್ಟಾಗ. ಬೆಚ್ಚನೆ ಗಾಳಿ ತಣ್ಣನೆ ಕಬ್ಬಿಣಕ್ಕೆ ತಾಗಿ ಮೈಯೆಲ್ಲ ಬೆವರುತ್ತೆ, ಪಿನ್ ಒಳಗೂ ಸ್ಪ್ರಿಂಗ್ ಒಳಗೂ ನೀರು. ಅದನ್ನೇ ಮತ್ತೆ ಹೊರಗೆ ತಗೊಂಡು ಹೋದ್ರೆ ಆ ನೀರು ಐಸ್ ಆಗಿ ಎಲ್ಲ ಬಿಗಿಯುತ್ತೆ. ಹಂಗಾಗಿ ಹತಾರ ಹೊರಗಡೆನೇ ನೆರಳಲ್ಲಿ ಹಿಮ ಬೀಳದ ಹಾಗೆ ಇಡೋದು, ಒಳಗೆ ತಂದ್ರೆ ಬೆವರು ಪೂರ್ತಿ ಬಿಡೋ ತನಕ ಕಾದು ಬಿಚ್ಚಿ ಚಿಂದಿ ಹಾಕಿ ಒಣಗಿಸೋದು. ಜೈಸಲ್ಮೇರ್ ಕಡೆ ಇದಕ್ಕೆ ಉಲ್ಟಾ, ಎಣ್ಣೆ ಇದ್ದ ಕಡೆ ಮರಳು ಅಂಟಿ ಎಮರಿ ಪೇಪರ್ ಥರ ಸವೆಸುತ್ತೆ.

ಈಗ ನಿನ್ನ ಮನೆಗೆ ಬಾ ತಮ್ಮಾ. ಒಲೆ ಉರಿಯೋ ಮನೆ, ಕೋವಿ ಒಳಗೆ ಬೆಚ್ಚಗೆ, ಹೊರಗೆ ಮಂಜು. ಹಿಮ ಇಲ್ಲ ಅಷ್ಟೆ, ಹೊರಗೆ ತಣ್ಣಗಾದ ಕೋವಿ ಒಳಗೆ ತಂದಾಗಲೆಲ್ಲ ಬೆವರುತ್ತೆ, ಅದರ ಮೇಲೆ ರೆಕ್ಸಿನ್ ಕವರ್ ಹಾಕ್ತೀಯ. ಗುಳಿ ನೋಡಿದೆಯಾ?

ಕಾಫಿತೋಟದ ಹುಡುಗ:

ನೋಡಿದೆ ಸರ್. ಬಲದ ನಳಿಗೇಲಿ ಬೆಳಕೇ ಕಾಣ್ಲಿಲ್ಲ. ಅಪ್ಪ ಟಾರ್ಚ್ ಹಿಡಿದ್ರು, ಅರ್ಧಕ್ಕಿಂತ ಮುಂದೆ ಬೂದು ಬಣ್ಣದ ದುಂಡನೇದು ಅಡ್ಡ ಕೂತಿದೆ, ವ್ಯಾಡೇ. ಕೈ ಕಾಲು ತಣ್ಣಗಾಯ್ತು. ಬಾಯಿ ಕಡೆಯಿಂದ ಮರದ ಕೋಲು ಹಾಕಿ ಮೆಲ್ಲ ತಳ್ಳಿದ್ವಿ, ಹಿಂದಕ್ಕೆ ಬಂತು, ಜೊತೇಲಿ ಅರ್ಧ ಉರಿದ ಮದ್ದಿನ ಕಾಳು ಹಳದಿ ಹಳದಿಯಾಗಿ ಸುಮಾರು ಬಿತ್ತು.

ಟಕ್ ಅಂದ ತೋಟಾ ಎರಡೂ ಇತ್ತು. ಬಲದ್ದು ಕಾಗದದ್ದು, ಗುಳಿ ಚೆನ್ನಾಗಿ ಆಳ ಇದೆ. ಎಡದ್ದು ಪ್ಲಾಸ್ಟಿಕ್‌ದು, ಗುಳಿ ಇದೆಯಾ ಅಂತ ಹುಡುಕ್ಬೇಕು, ಉಗುರಲ್ಲಿ ಸವರಿದ್ರೆ ಗೊತ್ತಾಗುತ್ತೆ ಅಷ್ಟೆ. ಹಂಗಾದ್ರೆ ಎರಡಕ್ಕೂ ಬೇರೆ ಬೇರೆ ಕಾರಣಾನಾ?

ಕೋವಿ ರಿಪೇರಿ:

ಬೇರೆ ಬೇರೇನೇ. ನಮ್ಮ ಮನೇಲಿ ತಂದೆ ಕಾಲದಿಂದ ಇದೇ ಕೆಲ್ಸ, ಮಳೆಗಾಲ ಮುಗಿದ ಮೇಲೆ ಇಂಥದ್ದು ಬಹಳ ಬರುತ್ತೆ. ಬಲದ್ದು ತೋಟಾ ಸತ್ತಿದೆ, ಅದರಲ್ಲಿ ಎರಡು ಮಾತಿಲ್ಲ. ಎಡದ್ದಕ್ಕೆ ಕಾರಣ ನಿಮ್ಮ ಕೊಬ್ಬರಿ ಎಣ್ಣೆ ಅಂತ ನಂಗೆ ಅನ್ಸುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ರ ಬಂದ್ರೆ ಗಟ್ಟಿಯಾಗೋಕೆ ಶುರು ಮಾಡುತ್ತೆ. ಏಪ್ರಿಲಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ನೀರಿನ ಹಾಗೆ ಇತ್ತು, ಪಿನ್ ಸಲೀಸಾಗಿ ಓಡ್ತು. ಸೆಪ್ಟೆಂಬರಲ್ಲಿ ಮಡಿಕೇರಿ ಕಡೆ ಬಾತ್‌ರೂಮಲ್ಲಿರೋ ಬಾಟ್ಲಿ ನೋಡಿ, ಬೆಳ್ಳಗೆ ಹೆಪ್ಪುಗಟ್ಟಿರುತ್ತೆ. ಅದೇ ಎಣ್ಣೆ ಪಿನ್ ಸುತ್ತ ಹೆಪ್ಪುಗಟ್ಟಿದ್ರೆ ಸ್ಪ್ರಿಂಗ್‌ನ ಏಟೆಲ್ಲ ಅದನ್ನ ಸೀಳೋದ್ರಲ್ಲೇ ಹೋಗುತ್ತೆ, ಕೇಪ್‌ಗೆ ತಲುಪೋದು ಬರೀ ಮುಟ್ಟಿದಷ್ಟು. ಹಳೇದಾದ್ರೆ ಜಿಗುಟು ಬೇರೆ ಆಗುತ್ತೆ, ಧೂಳು ಹಿಡಿಯುತ್ತೆ. ಬಿಚ್ಚಿ ತೊಳೆದ್ರೆ ನೂರಕ್ಕೆ ತೊಂಬತ್ತು ಸರಿ ಹೋಗ್ತವೆ, ಆದ್ರೆ ನೀವೇ ಸ್ಕ್ರೂ ಡ್ರೈವರ್ ಹಿಡೀಬೇಡಿ, ಸ್ಪ್ರಿಂಗ್ ಹಾರಿದ್ರೆ ಕಣ್ಣಿಗೇ ಬರೋದು. ಲೈಸೆನ್ಸ್ ಇರೋ ರಿಪೇರಿಯೋರ ಹತ್ರ ತಗೊಂಡು ಹೋಗಿ. ಸ್ಪ್ರಿಂಗ್ ಸೋತಿದೆಯಾ, ಪಿನ್ ತುದಿ ಸವೆದಿದೆಯಾ ಅಂತಾನೂ ನೋಡ್ತಾರೆ.

ಅಲ್ಲಿಗೆ ಹೋದಾಗ ಎರಡು ವಿಷ್ಯ ಕೇಳಿ. ಒಂದು, ಮರ ಊದಿದೆಯಾ. ಮಳೆಗಾಲದಲ್ಲಿ ಹಿಡಿ ಮರ ತೇವ ಕುಡಿದು ಉಬ್ಬಿ ಒಳಗಿನ ಕಬ್ಬಿಣಾನ ಒತ್ತುತ್ತೆ, ಕೋವಿ ಮುಚ್ಚೋಕೆ ಬಿಗಿ ಆಗುತ್ತೆ, ಬೇಸಿಗೇಲಿ ತಾನೇ ಸರಿಹೋಗುತ್ತೆ. ಅದಕ್ಕೆ ಮರ ಕೆತ್ತೋಕೆ ಹೋಗಬಾರ್ದು, ಒಣಗಿಸಿ ಎಣ್ಣೆ ಕುಡಿಸಬೇಕು. ಇನ್ನೊಂದು ಇದಕ್ಕಿಂತ ಮುಖ್ಯ, ಚೇಂಬರ್ ಉದ್ದ ಅಳೆಸಿ. ಹಳೇ ಇಂಗ್ಲಿಷ್ ಕೋವಿ ಎಷ್ಟೋ 65 ಮಿಲಿಮೀಟರ್ ತೋಟಾಗೆ ಮಾಡಿದ್ದು, ಈಗ ಅಂಗಡೀಲಿ ಜಾಸ್ತಿ ಸಿಗೋದು 70. ಒಳಗೆ ಹೋಗುತ್ತೆ, ಮುಚ್ಚುತ್ತೆ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲ್ದೆ ಒತ್ತಡ ಏರುತ್ತೆ. ಹಳೇ ತೋಟಾ ಸತ್ತಿದೆ ಅಂತ ಹೊಸದು ತಂದು ಹಾಕೋಕೆ ಮುಂಚೆ ಇದು ಆಗಲೇಬೇಕು. ನಳಿಗೆ ಮೇಲೆ ಹಾವಿನ ಪೊರೆ ಥರ ಗೆರೆ ಇದ್ರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೇದು, ಹೊಡೆಯೋದೇ ಬೇಡ, ಪೂಜೆಗಿಟ್ಟು ಸುಮ್ನಿರಿ.

ಅಡಿಕೆ ಗೌಡ್ರು:

ಕೊಬ್ಬರಿ ಎಣ್ಣೆ ವಿಷ್ಯ ಒಪ್ಪಿದೆ, ಆದ್ರೆ ನಮ್ಮಜ್ಜನೂ ಅದನ್ನೇ ಹಚ್ತಿದ್ರಲ್ಲ, ಅವರ ಕೇಪಿನ ಕೋವಿ, ಬಾಯಿಂದ ಮದ್ದು ತುಂಬೋದು, ನಿಂತಿದ್ದು ಕಾಣೆ.

ಕೋವಿ ರಿಪೇರಿ:

ಗೌಡ್ರೇ, ಕೇಪಿನ ಕೋವೀಲಿ ಕುದುರೆ, ಅಂದ್ರೆ ಕೇಪ್ ಬಡಿಯೋ ಸುತ್ತಿಗೆ, ಹೊರಗಿರುತ್ತೆ, ತೋರು ಬೆರಳಷ್ಟು ದಪ್ಪ, ನೇರ ಮೇಲಿಂದ ಬಂದು ಬಡಿಯುತ್ತೆ, ಅದನ್ನ ಎಣ್ಣೆ ತಡೆಯಕ್ಕಾಗಲ್ಲ. ಈ ಕೋವೀಲಿ ಸಣ್ಣ ಪಿನ್ನು ಸಣ್ಣ ತೂತಲ್ಲಿ ಓಡಬೇಕು. ಮತ್ತೆ ನಿಮ್ಮಜ್ಜ ದಿನಾ ಅದನ್ನ ಕೈಗೆ ತಗೊಳ್ತಿದ್ರು ಒರೆಸ್ತಿದ್ರು, ಹೊಡೆದ ದಿನವೇ ಬಿಸಿ ನೀರಲ್ಲಿ ತೊಳೀತಿದ್ರು, ಕರಿಮದ್ದಿಗೆ ಹಂಗೆ ತೊಳೀದಿದ್ರೆ ಆಗ್ತಾನೇ ಇರ್ಲಿಲ್ಲ.

ಕಾಫಿತೋಟದ ಹುಡುಗ:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕಾಗದದ ತೋಟಾ ಎಲ್ಲಾ ಬೇರೆ ತೆಗೆದಿಟ್ಟಿದೀವಿ, ಅಪ್ಪ ಠಾಣೇಲಿ ಕೇಳ್ಕೊಂಡು ಬರ್ತಾರೆ. ಪ್ಲಾಸ್ಟಿಕ್‌ದರಲ್ಲಿ ಕೆಲವದಕ್ಕೆ ಹಸಿರು ಹಿಡಿದಿದೆ, ಅದೂ ಹೋಗುತ್ತೆ. ಕೋವಿ ರಿಪೇರಿಗೆ. ಒಂದು ಕೊನೇ ಪ್ರಶ್ನೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಕೊಯ್ಯುವಾಗ ರಾತ್ರಿ ಗದ್ದೇಲಿ ಒಂದು ಈಡು ಹೊಡೀಲೇಬೇಕು, ಅದು ತಪ್ಪಿದ್ರೆ ಮನೆ ಹಿರಿಯರು ಸುಮ್ನೆ ಬಿಡಲ್ಲ. ನವೆಂಬರ್ ಡಿಸೆಂಬರ್ ಚಳಿ, ಮಂಜು ಬೇರೆ. ಏನು ಮಾಡ್ಲಿ?

ರಿಟೈರ್ಡ್ ಸುಬೇದಾರ್:

ರಿಪೇರಿಯಿಂದ ಬಂದ ಮೇಲೆ ಒಂದು ಹಗಲು ಹೊಸ ತೋಟಾದಲ್ಲಿ ಎರಡೂ ನಳಿಗೆ ಹೊಡೆದು ನೋಡು, ಹಬ್ಬದ ದಿನಾನೇ ಮೊದಲ ಪರೀಕ್ಷೆ ಇಟ್ಕೋಬೇಡ. ಪುತ್ತರಿ ಸಂಜೆ ಕೋವೀನ ಒಲೆ ಹತ್ರದಿಂದ ತೆಗೆದು ಐನ್‌ಮನೆ (ಕುಟುಂಬದ ಮೂಲ ಮನೆ) ಕೈಸಾಲೇಲಿ, ಅದೇ ಮುಂದಿನ ಜಗಲೀಲಿ, ಯಾರಾದ್ರೂ ದೊಡ್ಡೋರು ಪಕ್ಕದಲ್ಲಿ ಕೂತಿರೋ ಹಾಗೆ, ಖಾಲಿ ಇಡು. ಹೊರಗಿನ ಚಳಿಗೆ ಒಗ್ಗುತ್ತೆ. ಹೊರಡೋ ಮುಂಚೆ ಒಣ ಚಿಂದಿ ಒಂದು ಸಲ ನಳಿಗೇಲಿ ಎಳಿ, ಬೆಳಕಿಗೆ ಹಿಡಿದು ನೋಡು. ತೋಟಾ ಕುಪ್ಯ ಅಂದ್ರೆ ಹಬ್ಬದ ಉದ್ದ ಕೋಟಿನ ಒಳಗಡೆ ಜೇಬಲ್ಲಿರ್ಲಿ, ಗದ್ದೆಗೆ ಹೋದ ಮೇಲೆ ಹಾಕು. ಆಮೇಲೆ ಮನೆಗೆ ಬಂದು ಪಾಯಸಕ್ಕೆ ಓಡ್ಬೇಡ, ಕೋವಿ ಬೆವರು ಬಿಡೋ ತನಕ ಕಾದು, ಒರೆಸಿ, ಎಣ್ಣೆ ಹಚ್ಚಿ ಇಡು. ರೆಕ್ಸಿನ್ ಕವರ್ ಏನು ಮಾಡಿದೆ, ಅದಿನ್ನೂ ಹೇಳ್ಲಿಲ್ಲ ನೀನು.